ಸುಗ್ಗಿ ಹಬ್ಬಕ್ಕೆ ಮನೆ ಕರೆದದ್ದು

ಪಾದ್ರಿಯಾಗಲು ಓದುತ್ತಿದ್ದ ಶಿಷ್ಯನೊಬ್ಬ ಒಂದು ದಿನ ಗುರುಗಳನ್ನು ಕೇಳಿದ: "ಅಯ್ಯನವರೇ, ಆಂಗ್ಲಿಕನ್ ಪರಂಪರೆಯ ಸಭೆಗಳು ಒಂದೊಂದು ದೇಶದಲ್ಲಿ ಒಂದೊಂದು ಮಾತಾಡುತ್ತವೆ. ಕೆಲವು ಕಡೆ ಇಬ್ಬರು ಗಂಡಸರನ್ನೋ ಇಬ್ಬರು ಹೆಂಗಸರನ್ನೋ ಜೋಡಿಯಾಗಿ ವೇದಿಯ ಮುಂದೆ ನಿಲ್ಲಿಸಿ ಹರಸುತ್ತಾರೆ. ಕೆಲವು ಕಡೆ, ಬರಲಿ, ಕೂರಲಿ, ಹಾಡಲಿ, ಜೋಡಿ ಅನ್ನುವ ಮಾತು ಮಾತ್ರ ಬೇಡ ಅನ್ನುತ್ತಾರೆ. ಇನ್ನು ಕೆಲವು ಕಡೆ ಬಾಗಿಲೇ ತೆರೆಯುವುದಿಲ್ಲ. ನಾಳೆ ನನ್ನ ಸಭೆಗೆ ಅಂಥ ಇಬ್ಬರು ಬಂದರೆ ನಾನು ಅವರನ್ನು ಹೇಗೆ ಬರಮಾಡಿಕೊಳ್ಳಲಿ?"

ಗುರುಗಳು ಓದುತ್ತಿದ್ದ ಪುಸ್ತಕವನ್ನು ಮುಚ್ಚಿದರು. ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಡುವ ಅಭ್ಯಾಸ ಅವರಿಗೆ ಇರಲಿಲ್ಲ. ಒಂದು ಕತೆ ಹೇಳಿದರು.

ಬಯಲುಸೀಮೆಯ ಒಂದು ಊರಿನಲ್ಲಿ ಒಂದು ಸಭೆ ಇತ್ತು. ಸುಗ್ಗಿ ಹಬ್ಬದ ಭಾನುವಾರ ಅಲ್ಲೊಂದು ಪದ್ಧತಿ. ಆರಾಧನೆಯ ನಡುವೆ ಸಭೆಯ ಹಿರಿಯನೊಬ್ಬ ಎದ್ದು ನಿಂತು ಒಂದೊಂದೇ ಮನೆಯ ಹೆಸರು ಕೂಗುತ್ತಾನೆ. ಆ ಮನೆಯವರೆಲ್ಲ, ಅಜ್ಜಿಯಿಂದ ಹಿಡಿದು ತೊಟ್ಟಿಲ ಕೂಸಿನ ತನಕ, ಒಟ್ಟಾಗಿ ಮುಂದೆ ಹೋಗಿ ತಮ್ಮ ಬುಟ್ಟಿಯನ್ನು ವೇದಿಯ ಮುಂದೆ ಇಡುತ್ತಾರೆ. ಜೋಳದ ತೆನೆ, ಶೇಂಗಾ, ಬೆಲ್ಲ, ಕಾಲು ಕಟ್ಟಿದ ಕೋಳಿ, ಯಾರ ಮನೆಯಲ್ಲಿ ಏನಿದೆಯೋ ಅದು. ಸಭಾಪಾಲಕರು ಎಲ್ಲರ ತಲೆಯ ಮೇಲೂ ಕೈಯಿಟ್ಟು, ಆ ಮನೆಯ ಹೆಸರು ಹೇಳಿ ಪ್ರಾರ್ಥನೆ ಮಾಡುತ್ತಾರೆ. ಮನೆಗಳೆಲ್ಲ ಮುಗಿದ ಮೇಲೆ ಹಿರಿಯ ಕೊನೆಯ ಕೂಗು ಹಾಕುತ್ತಾನೆ: "ಒಬ್ಬೊಂಟಿ ಇದ್ದವರು ಬರ್ರಿ." ಆಗ ಮಕ್ಕಳಿಲ್ಲದ ವಿಧವೆಯರು, ಮದುವೆಯಾಗದ ಮಾಸ್ತರು, ಹೀಗೆ ಉಳಿದವರು ತಮ್ಮ ತಮ್ಮ ತಾಟು ಹಿಡಿದು ಒಬ್ಬೊಬ್ಬರಾಗಿ ಹೋಗುತ್ತಾರೆ.

ಆ ಉಳಿದವರಲ್ಲಿ ಎಸ್ತೇರ್ ಮತ್ತು ಸುವಾರ್ತಾ ಎಂಬ ಇಬ್ಬರು ಹೆಂಗಸರೂ ಇದ್ದರು. ಎಸ್ತೇರ್ ಹೊಲಿಗೆ ಕಲಿಸುವವಳು, ಸುವಾರ್ತಾ ಶಾಲೆಯಲ್ಲಿ ಗಣಿತದ ಟೀಚರ್. ಇಬ್ಬರದೂ ಒಂದೇ ಮನೆ, ಒಂದೇ ಒಲೆ. ಹರೆಯದಲ್ಲಿ ಒಬ್ಬರನ್ನೊಬ್ಬರು ಮೆಚ್ಚಿ ಕೂಡಿ ಬಾಳಲು ತೊಡಗಿದವರು, ಈಗ ಇಬ್ಬರ ತಲೆಯಲ್ಲೂ ಬಿಳಿಕೂದಲು. ಗಂಡ ಹೆಂಡಿರು ಹೇಗೆ ಬಾಳುತ್ತಾರೋ ಹಾಗೇ ಬಾಳಿದ್ದರು. ಜಗಳ ಕೂಡ ಹಾಗೇ ಆಡುತ್ತಿದ್ದರು. ಊರಿಗೆಲ್ಲ ಇದು ಗೊತ್ತಿತ್ತು. ಗೊತ್ತಿಲ್ಲದವರಂತೆ ಇರುವುದೇ ಮರ್ಯಾದೆ ಎಂದು ಊರು ತಿಳಿದುಕೊಂಡಿತ್ತು. ಸಭೆಯವರು ಕೆಟ್ಟವರಲ್ಲ. ಒಬ್ಬಳು ಎರಡು ಭಾನುವಾರ ಬಾರದಿದ್ದರೆ ಮನೆಗೇ ಬಂದು ವಿಚಾರಿಸುತ್ತಿದ್ದರು. ಎಸ್ತೇರಳನ್ನು ಬಾಯ್ತುಂಬ ಕರೆಯುತ್ತಿದ್ದರು, ಸುವಾರ್ತಾಳನ್ನೂ ಬಾಯ್ತುಂಬ ಕರೆಯುತ್ತಿದ್ದರು. ಇಬ್ಬರನ್ನೂ ಸೇರಿಸಿ ಏನೆಂದು ಕರೆಯಬೇಕು ಎನ್ನುವ ಹೊತ್ತಿಗೆ ಮಾತು ಬದಲಾಯಿಸಿ ಮಳೆ ಬೆಳೆ ಮಾತಾಡುತ್ತಿದ್ದರು.

ಒಂದು ವರ್ಷ ಸುವಾರ್ತಾಳಿಗೆ ಜ್ವರ ತಲೆಗೇರಿ ದೊಡ್ಡ ಆಸ್ಪತ್ರೆಗೆ ಸೇರಿಸಬೇಕಾಯಿತು. ವಾರ್ಡಿನ ಬಾಗಿಲಲ್ಲಿ ಎಸ್ತೇರಳನ್ನು ತಡೆದು, "ನೀವು ಪೇಶಂಟಿಗೆ ಏನಾಗಬೇಕ್ರಿ?" ಎಂದು ಕೇಳಿದರು. ಎಸ್ತೇರಳ ಬಾಯಿಗೆ ಬಂದದ್ದು ಇಷ್ಟೇ: "ಪರಿಚಯದವರ್ರಿ." ಅವಳನ್ನು ಆಚೆಯೇ ನಿಲ್ಲಿಸಿದರು.

ಸುವಾರ್ತಾ ಬದುಕಿ ಮನೆಗೆ ಬಂದಳು. ಗಂಜಿ ಸಪ್ಪೆಯಾಗಿದೆ ಎಂದು ಬೈಯುವಷ್ಟು ಚೇತರಿಸಿಕೊಂಡಳು. ಆದರೆ ತಾನು ಆಡಿದ ಆ ಮಾತು ಎಸ್ತೇರಳನ್ನು ಬಿಡಲಿಲ್ಲ. ಇಷ್ಟು ವರ್ಷದ ಬಾಳನ್ನು ತಾನೇ ಬಾಗಿಲಾಚೆ ಎಸೆದ ಹಾಗಾಯಿತಲ್ಲ ಎಂದು ನಾಚಿಕೆಪಟ್ಟಳು. ನಾಚಿಕೆಗಿಂತ ಹೆಚ್ಚು ಸಿಟ್ಟು ಬಂತು. ಯಾರೂ ಎಂದೂ ಬಾಯಿಬಿಟ್ಟು ಹೇಳದ ಮಾತು ತನ್ನ ಬಾಯಿಗಾದರೂ ಎಲ್ಲಿಂದ ಬರಬೇಕು? ಒಂದು ಸಲ, ಒಂದೇ ಒಂದು ಸಲ, ದೇವರ ಮುಂದೆ, ಎಲ್ಲರ ಕಿವಿಗೂ ಬೀಳುವ ಹಾಗೆ ತಮ್ಮಿಬ್ಬರನ್ನು ಒಂದು ಮನೆ ಎಂದು ಕರೆಯಬೇಕು. ಇಲ್ಲದಿದ್ದರೆ ಈ ದೇವಾಲಯದ ಮೆಟ್ಟಿಲನ್ನು ಮತ್ತೆ ತುಳಿಯುವುದಿಲ್ಲ ಎಂದು ಗಟ್ಟಿ ಮನಸ್ಸು ಮಾಡಿದಳು.

ಸುಗ್ಗಿ ಹಬ್ಬ ಹತ್ತಿರವಾದಾಗ ಅವಳು ಸಭಾಪಾಲಕರ ಮನೆಗೆ ಹೋದಳು.

"ಅಯ್ಯಾರ, ಈ ವರ್ಷ ನಾವು ಎರಡು ತಾಟು ತರಂಗಿಲ್ರಿ. ಒಂದ ಬುಟ್ಟಿ ತರ್ತೀವಿ. ನಮ್ಮನ್ನ ಒಂದು ಮನಿ ಅಂತ ಕರೀರಿ" ಅಂದಳು.

ಸಭಾಪಾಲಕರು ಒಳ್ಳೆಯ ಮನುಷ್ಯ. ಯಾರ ಮನಸ್ಸನ್ನೂ ನೋಯಿಸಲಾರದಷ್ಟು ಒಳ್ಳೆಯವರು, ಹಾಗಾಗಿ ಕಷ್ಟಕಾಲದಲ್ಲಿ ಯಾರ ಉಪಯೋಗಕ್ಕೂ ಬರುತ್ತಿರಲಿಲ್ಲ. ವಿಷಯವನ್ನು ಕಮಿಟಿಯ ಮುಂದಿಟ್ಟರು. ಅಲ್ಲಿ ದೇವಪುತ್ರಪ್ಪ ಕೂತಿದ್ದ. ಮೀಸೆ ಮೂಡಿದಾಗಿನಿಂದ ಸುಗ್ಗಿ ಹಬ್ಬಕ್ಕೆ ಮನೆ ಕರೆಯುತ್ತಿದ್ದ ಹಿರಿಯ ಅವನೇ. ಈಗ ಕಣ್ಣು ಪೂರಾ ಮಂಜಾಗಿತ್ತು, ಆದರೆ ಎಲ್ಲ ಮನೆಗಳ ಹೆಸರೂ ಬಾಯಿಪಾಠ, ದನಿಯಂತೂ ಬೀದಿಯ ಕೊನೆಗೂ ಕೇಳಿಸುತ್ತಿತ್ತು.

"ಅದು ಮನಿ ಅಲ್ಲ. ನನ್ನ ಬಾಯಿಲೆ ಆ ಮಾತು ಬರಂಗಿಲ್ಲ" ಎಂದು ಅವನು ಮೇಜು ಕುಟ್ಟಿದ.

ಕೆಲವರು ಹೌದೆಂದರು. ಕೆಲವರು, ಕರೆದರೆ ನಮ್ಮ ಗಂಟೇನು ಹೋಗುತ್ತದೆ ಎಂದರು. ಬಿಷಪ್ಪರನ್ನು ಕೇಳೋಣ ಎಂದ ಒಬ್ಬ. ಬಿಷಪ್ಪರು ಒಂದು ಸಮಿತಿ ಮಾಡುತ್ತಾರೆ, ಸಮಿತಿಯವರು ಚಹಾ ಕುಡಿಯುವಷ್ಟರಲ್ಲಿ ಇನ್ನೆರಡು ಸುಗ್ಗಿ ಕಳೆಯುತ್ತವೆ ಎಂದು ಇನ್ನೊಬ್ಬ ನಕ್ಕ. ಕೊನೆಗೆ ಸಭಾಪಾಲಕರಿಗೇ ಒಂದು ಉಪಾಯ ಹೊಳೆಯಿತು. ಈ ವರ್ಷ ಯಾರ ಮನೆಯನ್ನೂ ಕರೆಯುವುದು ಬೇಡ. ಎಲ್ಲರನ್ನೂ ಅವರವರ ಹೆಸರಿನಿಂದ, ಒಬ್ಬೊಬ್ಬರನ್ನಾಗಿ ಕರೆಯೋಣ. ಆಗ ಭೇದವೂ ಇಲ್ಲ, ಬೇಸರವೂ ಇಲ್ಲ. ಎಲ್ಲರಿಗೂ ಹಾಯೆನಿಸಿತು. ಮನೆ ಕರೆಯುವ ಕೆಲಸ ತಪ್ಪಿತಲ್ಲ ಎಂದು ದೇವಪುತ್ರಪ್ಪನ ಮುಖ ಸಣ್ಣದಾಯಿತಾದರೂ ಗೆದ್ದೆನಲ್ಲ ಎಂದು ಸುಮ್ಮನಾದ. ಗಿರ್ಮಿಟ್ ತಿಂದು ಎದ್ದರು.

ಸುದ್ದಿ ಕೇಳಿ ಸುವಾರ್ತಾ ಬಿದ್ದು ಬಿದ್ದು ನಕ್ಕಳು. "ನಮಗೊಂದು ಮನಿ ಕೊಡಬಾರದಂತ ಊರಿನ ಮನಿ ಎಲ್ಲಾ ಮುರದ್ರಲ್ಲ ಬೇ!" ಎಸ್ತೇರಳಿಗೆ ನಗು ಬರಲಿಲ್ಲ. ಇದೇ ಕೊನೆಯ ಸಲ ಎಂದುಕೊಂಡು ಒಂದೇ ಬುಟ್ಟಿಯಲ್ಲಿ ಕುಂಬಳಕಾಯಿ, ಬದನೆಕಾಯಿ ಜೋಡಿಸಿದಳು.

ಹಬ್ಬದ ಭಾನುವಾರ ಬಂತು. ದೇವಾಲಯದ ಅಂಗಳದಲ್ಲೇ ಜಗಳ ಶುರುವಾಯಿತು. ಮನೆಗಿದ್ದದ್ದು ಒಂದೇ ಬುಟ್ಟಿ, ಅದನ್ನು ಗಂಡ ಹಿಡಿಯಬೇಕೋ ಹೆಂಡತಿ ಹಿಡಿಯಬೇಕೋ? ಗಂಡ ಹಿಡಿದರೆ ಹೆಂಡತಿ ಬರಿಗೈಯಲ್ಲಿ ದೇವರ ಮುಂದೆ ಹೋಗಬೇಕೇ? ಒಬ್ಬಾಕೆ ಸಿಟ್ಟಿಗೆದ್ದು ಬೆಲ್ಲದ ಪೆಂಟೆಯನ್ನು ಕಲ್ಲಿಗೆ ಕುಕ್ಕಿ ಎರಡು ಮಾಡಿದಳು. ಒಳಗೆ ಸಭಾಪಾಲಕರು ಹೆಸರು ಕರೆಯತೊಡಗಿದರು. ಹೊಸ ಮದುಮಗ ಒಬ್ಬನೇ ಹೋಗಿ ಒಬ್ಬನೇ ಬಂದ; ಅವನ ಮುಖ ನೋಡಲಾಗಲಿಲ್ಲ. ಎದೆಹಾಲು ಕುಡಿಯುವ ಕೂಸಿನ ಹೆಸರು ಕರೆದರು, ಕೂಸು ಏಳಲಿಲ್ಲ. ಅಜ್ಜಿಯೊಬ್ಬಳು ಮೊಮ್ಮಗಳನ್ನು ಜೊತೆಗೆ ಕರೆದುಕೊಂಡು ಹೊರಟರೆ, ಸಾಲು ನೋಡಿಕೊಳ್ಳಲು ನಿಂತಿದ್ದ ಬಾಗಿಲು ಕಾಯುವವನು ಮಗುವನ್ನು ಹಿಡಿದು ಕೂರಿಸಿದ, ಮಗು ಕಿರುಚಿಕೊಂಡಿತು. ಯಾವಾಗಲೂ ಹಾಡಿನಿಂದ ತುಂಬುತ್ತಿದ್ದ ದೇವಾಲಯ ಅಂದು ರೇಷನ್ ಅಂಗಡಿಯ ಪಾಳಿಯ ಹಾಗಿತ್ತು.

ಆಮೇಲೆ ದೇವಪುತ್ರಪ್ಪನ ಹೆಸರು ಬಂತು. ಪಕ್ಕದಲ್ಲಿದ್ದ ಅವನ ಹೆಂಡತಿ ಸಂತೋಷವ್ವ ರೂಢಿಯಂತೆ ಜೊತೆಗೇ ಎದ್ದಳು. "ನಿಮ್ಮ ಹೆಸರು ಆಮ್ಯಾಲೆ ಬರ್ತೈತ್ರಿ ಅವ್ವಾರ" ಎಂದು ಬಾಗಿಲು ಕಾಯುವವನು ಅವಳನ್ನೂ ಕೂರಿಸಿದ. ದೇವಪುತ್ರಪ್ಪ ಜೋಳದ ತೆನೆಯ ಕಟ್ಟನ್ನು ಎದೆಗವಚಿ ಒಬ್ಬನೇ ಹೊರಟ. ನಡುದಾರಿಯಲ್ಲಿ ನಿಂತುಬಿಟ್ಟ. ಮುಂದೆ ಎತ್ತ ಹೋಗಬೇಕೋ ತಿಳಿಯಲಿಲ್ಲ. ಅವನ ಎಡಗೈ ತಾನಾಗಿಯೇ ಪಕ್ಕಕ್ಕೆ ಚಾಚಿ, ಹೆಂಡತಿಯ ತೋಳಿಗಾಗಿ ತಡಕಾಡಿತು. ಅಲ್ಲಿ ಯಾರೂ ಇರಲಿಲ್ಲ.

ಎಸ್ತೇರ್ ಆ ಕೈಯನ್ನು ನೋಡಿದಳು. ಅನುಭವಿಸಲಿ ಎಂದು ಒಂದು ಗಳಿಗೆ ಅವಳ ಮನಸ್ಸು ಹಿಗ್ಗಿದ್ದು ನಿಜ. ಮರುಗಳಿಗೆಗೆ ವಾರ್ಡಿನ ಬಾಗಿಲಲ್ಲಿ ತಾನು ನಿಂತದ್ದು ನೆನಪಾಯಿತು. ಈ ಸ್ಥಿತಿ ವೈರಿಗೂ ಬೇಡ ಅನಿಸಿತು. ಎದ್ದೇಬಿಡುತ್ತಿದ್ದಳು. ಅಷ್ಟರಲ್ಲಿ ಸಂತೋಷವ್ವ ಬಾಗಿಲು ಕಾಯುವವನನ್ನು ಆಚೆ ತಳ್ಳಿ ಎದ್ದಳು.

"ನನ್ನ ಹೆಸರು ಬರೂತನಕ ಅವರು ಅಲ್ಲೇ ನಿಂದರಬೇಕೇನು?" ಎನ್ನುತ್ತ ಹೋಗಿ ಗಂಡನ ತೋಳು ಹಿಡಿದಳು.

ದೇವಪುತ್ರಪ್ಪ ಕದಲಲಿಲ್ಲ. ಮೆಲ್ಲಗೆ ಕೇಳಿದ, ಆದರೆ ಅವನ ದನಿಯಲ್ಲಿ ಮೆಲ್ಲಗೆ ಎಂದರೂ ಎಲ್ಲರಿಗೂ ಕೇಳಿಸಿತು: "ಆ ಇಬ್ಬರು ಹೆಣ್ಮಕ್ಕಳು ವರ್ಷಾ ವರ್ಷಾ ಹಿಂಗ ಬರ್ತಿದ್ರೇನ?"

"ಹೌದು. ನೀವ ಕರೀತಿದ್ರಿ, ಒಬ್ಬೊಂಟಿ ಇದ್ದವರು ಬರ್ರಿ ಅಂತ" ಎಂದಳು ಹೆಂಡತಿ.

ಮುದುಕ ತೆನೆಯ ಕಟ್ಟನ್ನು ಹೆಂಡತಿಯ ಕೈಗೆ ಕೊಟ್ಟ. ಸಭೆಯ ಕಡೆಗೆ ತಿರುಗಿದ. ಎದೆ ತುಂಬ ಉಸಿರೆಳೆದುಕೊಂಡ.

"ಅಯ್ಯಾರ, ಈ ಆಟ ಸಾಕು. ನಾನು ಮನಿ ಕರೀತೀನಿ" ಅಂದ. ಆಮೇಲೆ ಅವನ ದನಿ ಎದ್ದಿತು: "ಎಸ್ತೇರವ್ವ, ಸುವಾರ್ತವ್ವ, ಇವರ ಮನಿಯವರು! ಕರ್ತನ ಸನ್ನಿಧಿಗೆ ಬರ್ರಿ!"

ಅಂಥ ಕೂಗನ್ನು ಆ ದೇವಾಲಯ ಹಿಂದೆ ಕೇಳಿರಲಿಲ್ಲ. ಆಚೆ ಬೇವಿನ ಮರದಲ್ಲಿದ್ದ ಗಿಳಿಗಳೆಲ್ಲ ಎದ್ದು ಹಾರಿದವು. ಎಸ್ತೇರ್ ಕೂತಲ್ಲೇ ಬುಟ್ಟಿಯನ್ನು ತಬ್ಬಿಕೊಂಡಳು. ಸುವಾರ್ತಾಳೇ ಅವಳ ಕೈಹಿಡಿದು ಎಬ್ಬಿಸಿದಳು. ಬುಟ್ಟಿಯ ಒಂದು ಬದಿ ಇವಳು, ಒಂದು ಬದಿ ಅವಳು ಹಿಡಿದು ನಡೆದರು. ಯಾರು ಮೊದಲು ಎದ್ದು ನಿಂತರೋ ಗೊತ್ತಿಲ್ಲ. ಅವರು ನಡುದಾರಿ ಮುಟ್ಟುವಷ್ಟರಲ್ಲಿ ಸಭೆಯೇ ಎದ್ದು ನಿಂತಿತ್ತು. ಹಾರ್ಮೋನಿಯಂ ನುಡಿಸುವವನು ಯಾರ ಅಪ್ಪಣೆಗೂ ಕಾಯದೆ ಸುಗ್ಗಿಯ ಹಾಡು ಎತ್ತಿಕೊಂಡ. ಹೆಂಗಸರು ಹಾಡಿದರು, ಹಿಂದಿನ ಬೆಂಚಿನ ಗಂಡಸರು ಚಪ್ಪಾಳೆ ತಟ್ಟಿದರು. ಸಭಾಪಾಲಕರಿಗೆ ಅಂದು ಎಲ್ಲಿಂದಲೋ ಧೈರ್ಯ ಬಂತು. ಒಂದು ಕೈಯನ್ನು ಇವಳ ತಲೆಯ ಮೇಲೂ ಇನ್ನೊಂದನ್ನು ಅವಳ ತಲೆಯ ಮೇಲೂ ಇಟ್ಟು, "ಕರ್ತನೇ, ಈ ಮನೆಯನ್ನು ಆಶೀರ್ವದಿಸು" ಅಂದರು. ಆ ಒಂದು ಮಾತಿಗಾಗಿ ಅಷ್ಟು ವರ್ಷ ಕಾದವಳು ಎಸ್ತೇರ್. ಬಿಕ್ಕಿ ಬಿಕ್ಕಿ ಅತ್ತಳು, ಅಳುತ್ತಲೇ ನಕ್ಕಳು. ಅಷ್ಟು ಸಂತೋಷ ಅವಳ ಬಾಳಿನಲ್ಲಿ ಹಿಂದೆ ಆಗಿರಲಿಲ್ಲ.

ಎರಡು ಮನೆಯವರು ಸಿಟ್ಟಿನಿಂದ ಎದ್ದು ಪಕ್ಕದ ಬಾಗಿಲಿನಿಂದ ಹೋದರು. ಅವರಲ್ಲಿ ಒಂದು ಮನೆಯವರು ತಮ್ಮ ಕೋಳಿ ಒಳಗೇ ಉಳಿಯಿತೆಂದು ವಾಪಸು ಬಂದವರು, ಹಾಡು ಮುಗಿಯಲಿ ಎಂದು ನಿಂತು, ನಿಂತಲ್ಲೇ ಹಾಡತೊಡಗಿದರು. ಇನ್ನೊಂದು ಮನೆಯವರು ಬರಲಿಲ್ಲ. ದೇವಪುತ್ರಪ್ಪ ಒಂದೊಂದು ಮನೆಯನ್ನೂ ಮತ್ತೆ ಮೊದಲಿನಿಂದ ಕರೆದ. ಕೂಸು ತಾಯಿಯ ಸೊಂಟದ ಮೇಲೆ ಬಂತು, ಅಜ್ಜಿ ಮೊಮ್ಮಗಳ ಕೈ ಹಿಡಿದು ಬಂದಳು. ಮದುಮಗ ಹೆಂಡತಿಯ ಜೊತೆ ಎರಡನೆಯ ಸಲ ಬಂದಾಗ ಎಲ್ಲರೂ ನಕ್ಕರು. ಸಂಜೆ ಕಾಣಿಕೆಗಳನ್ನೆಲ್ಲ ಹರಾಜು ಹಾಕುವಾಗ ಆ ಇಬ್ಬರ ಕುಂಬಳಕಾಯಿಗೆ ಸವಾಲು ಏರಿದ್ದೇ ಏರಿದ್ದು. ದೇವಪುತ್ರಪ್ಪ ಪಟ್ಟು ಬಿಡದೆ ಕೂಗಿ ಕೂಗಿ ಅದನ್ನು ತನ್ನದು ಮಾಡಿಕೊಂಡ. ನಮ್ಮ ಹಿತ್ತಲಲ್ಲೇ ಕೊಳೆಯುವಷ್ಟು ಕುಂಬಳಕಾಯಿ ಇದೆ ಎಂದು ಸಂತೋಷವ್ವ ದಾರಿಯುದ್ದಕ್ಕೂ ಬೈದಳು.

ಗುರುಗಳು ಕತೆ ಮುಗಿಸಿದರು.

ಶಿಷ್ಯನಿಗೆ ಇನ್ನೂ ಪೂರ್ತಿ ಸಮಾಧಾನವಾಗಿರಲಿಲ್ಲ.

"ಕತೆ ಚೆನ್ನಾಗಿದೆ ಅಯ್ಯನವರೇ. ಆದರೂ ಒಬ್ಬೊಬ್ಬರನ್ನಾಗಿ ಪ್ರೀತಿಯಿಂದ ಒಳಗೆ ಕರೆದುಕೊಂಡರೆ ಸಾಲದೇ? ಅದೂ ಸ್ವಾಗತವೇ ಅಲ್ಲವೇ?"

ಶಿಷ್ಯನ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಗುರುಗಳು ಅವನ ಮುಖವನ್ನೇ ನೋಡುತ್ತ ಹೇಳಿದರು: "ಈ ಭಾನುವಾರ ನಿನ್ನ ಹೆಂಡತಿ ನಿನಗೆ ಏನಾಗಬೇಕು ಎಂದು ಯಾರಾದರೂ ಕೇಳಿದರೆ, ಪರಿಚಯದವರು ಎಂದು ಹೇಳಿ ದೇವಾಲಯದ ಒಳಗೆ ಬಾ. ಅಷ್ಟು ಸಾಕೋ ಸಾಲದೋ, ನೀನೇ ನನಗೆ ತಿಳಿಸು."