ಹೊಸ ರಟ್ಟಿನ ಹಳೆಯ ಪುಸ್ತಕ

“ಅಮ್ಮಾ, ನೂರು ವರ್ಷದ ಹಿಂದಿನ ಕಾದಂಬರಿಯನ್ನು ಈಗ ಏಕೆ ಓದಬೇಕು? ಆ ಜನರೂ ಇಲ್ಲ, ಆ ಕಾಲವೂ ಇಲ್ಲ” ಎಂದು ಶಿಷ್ಯೆಯೊಬ್ಬಳು ತನ್ನ ಗುರುಗಳಾದ ಸುಲೋಚನಮ್ಮನವರನ್ನು ಕೇಳಿದಳು.

“ಕೂತುಕೋ, ಹೇಳುತ್ತೇನೆ” ಎಂದು ಅವರು ಈ ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ಯಜಮಾನಿತಿ ಇದ್ದಳು. ಆಕೆಯದು ದೊಡ್ಡ ಮನೆತನ. ನಾಲ್ಕು ತಲೆಮಾರಿನಿಂದ ಊರಿನ ಶುಭಕಾರ್ಯಗಳಲ್ಲಿ ಮೊದಲ ತಾಂಬೂಲ ಆ ಮನೆಗೇ ಸಲ್ಲುತ್ತಿತ್ತು. ಆ ಮನೆಯವರು ಎಂದೂ ಊರವರ ಬಾಯಿಗೆ ಬಿದ್ದವರಲ್ಲ. ಆ ಹೆಸರನ್ನು ಕಾಯುವುದೇ ತನ್ನ ಕೆಲಸವೆಂದು ಆಕೆ ತಿಳಿದಿದ್ದಳು. ಮನೆಯೊಳಗೂ ಆಕೆಯದೇ ಕಟ್ಟುನಿಟ್ಟು. ಉಪ್ಪಿನಕಾಯಿ ಭರಣಿಯ ಬಾಯಿಗೆ ಬಟ್ಟೆ ಕಟ್ಟಿ, ತನಗೆ ಮಾತ್ರ ಗುರುತು ಸಿಗುವಂಥ ಗಂಟು ಹಾಕುತ್ತಿದ್ದಳು. ಸೊಸೆ ಬಿಚ್ಚಿದರೆ ತಿಳಿಯಬೇಕು, ಅಷ್ಟೆ.

ಗುರುವಾರ ಮಧ್ಯಾಹ್ನ ಮಹಿಳಾ ಸಮಾಜದಲ್ಲಿ ಒಬ್ಬರು ಕಾದಂಬರಿ ಓದುವುದು, ಉಳಿದವರು ಕೇಳುವುದು ವಾಡಿಕೆ. ಆ ವಾರ ಓದಿದ್ದು ಗ್ರಂಥಾಲಯದಿಂದ ತಂದ ಪುಸ್ತಕ. ಹೊಸ ರಟ್ಟು, ಅಂಟಿನ ವಾಸನೆ ಕೂಡ ಹೋಗಿರಲಿಲ್ಲ. ಅದರಲ್ಲೊಬ್ಬ ಅತ್ತೆ. ಅವಳೂ ಭರಣಿಗೆ ಗುರುತಿನ ಗಂಟು ಹಾಕುವವಳೇ. ಬಸುರಿ ಸೊಸೆಗೆ ಉಪ್ಪಿನಕಾಯಿಯ ಬಯಕೆ. ಕೇಳಲು ಹೆದರಿ, ಗೋಡೆಗೆ ಮುಖಮಾಡಿ ಉಪ್ಪು ನೆಕ್ಕುತ್ತಾಳೆ.

“ಅಯ್ಯೋ, ಅವಳ ಕೈ ಸೇದಿಹೋಗ!” ಎಂದು ಹೆಂಗಸರು ಅತ್ತೆಯನ್ನು ಶಪಿಸಿದರು. ಅವರ ನಡುವೆಯೇ ಕೂತಿದ್ದ ಯಜಮಾನಿತಿಯ ಮೈ ಉರಿಯಿತು. ಆಕೆಯ ಸೊಸೆಗೂ ಆಗ ಐದು ತಿಂಗಳು.

ಮನೆಗೆ ಬಂದವಳೇ ಸೊಸೆಯನ್ನು ಕರೆದಳು. “ನಮ್ಮ ಅಡುಗೆಮನೆಯ ಮಾತನ್ನು ಪುಸ್ತಕಕ್ಕೆ ಹತ್ತಿಸಿದೆಯಲ್ಲೇ, ಮಹರಾಯ್ತಿ! ಪೆಟ್ಟಿಗೆ ಕಟ್ಟು. ನಾಳೆ ತವರಿಗೆ ಹೋದವಳು ಇತ್ತ ತಿರುಗಿ ನೋಡಬೇಡ.”

“ನಾನು ಯಾರಿಗೂ ಏನೂ ಹೇಳಿಲ್ಲ, ಅತ್ತೆ.”

ಆಕೆ ಕೇಳಲಿಲ್ಲ. ನೇರವಾಗಿ ಗ್ರಂಥಾಲಯಕ್ಕೆ ನಡೆದು, ಗ್ರಂಥಪಾಲಕರ ಮುಂದೆ ನಿಂತಳು. “ಆ ಪುಸ್ತಕ ಬರೆದವನನ್ನು ಕರೆಸಿ. ನನ್ನ ಮನೆಯ ಮಾನ ಬೀದಿಗಿಟ್ಟಿದ್ದಾನೆ.”

ಅವರು ಪುಸ್ತಕ ತರಿಸಿ, ರಟ್ಟು ತೆರೆದು ಒಳಪುಟ ತೋರಿಸಿದರು. ಅಚ್ಚಾದ ವರ್ಷ ಅಲ್ಲಿತ್ತು. ಆ ವರ್ಷ ಆಕೆಯ ತಾಯಿಗೇ ಇನ್ನೂ ಮದುವೆಯಾಗಿರಲಿಲ್ಲ.

“ಹಾಗಾದರೆ ನನ್ನ ಭರಣಿಯ ಸುದ್ದಿ ಇವನಿಗೆ ಹೇಳಿದವರು ಯಾರು?”

“ಯಾರೂ ಇಲ್ಲ, ಅಮ್ಮಾವರೆ. ಬರೆದವರ ಮನೆಯಲ್ಲೂ ಒಂದು ಭರಣಿ ಇದ್ದಿರಬೇಕು.”

ಆಕೆ ಪುಸ್ತಕವನ್ನು ತನ್ನತ್ತ ಎಳೆದುಕೊಂಡಳು. ಆಮೇಲೆ ದನಿ ತಗ್ಗಿಸಿ ಕೇಳಿದಳು: “ಆ ಹುಡುಗಿಗೆ ಕೊನೆಗೆ ಏನಾಯಿತು?”

ಗ್ರಂಥಪಾಲಕರು ಕುರ್ಚಿ ಎಳೆದು ಹಾಕಿದರು. ಆಕೆ ಅಲ್ಲಿಯೇ ಕೂತು, ಬಾಗಿಲು ಹಾಕುವ ವೇಳೆಯವರೆಗೆ ಓದಿದಳು.

ಮನೆಯಲ್ಲಿ ಸೊಸೆ ಕಟ್ಟಿದ ಪೆಟ್ಟಿಗೆಯ ಪಕ್ಕದಲ್ಲಿ ಕೂತಿದ್ದಳು. ಯಜಮಾನಿತಿ ಭರಣಿಯ ಗಂಟು ಬಿಚ್ಚಿ, ಬಟ್ಟೆಯನ್ನು ಒಲೆಗೆ ಹಾಕಿ, ಭರಣಿಯನ್ನು ಸೊಸೆಯ ಮುಂದಿಟ್ಟಳು. “ಬಿಸಿ ಅನ್ನ ಬಡಿಸುತ್ತೇನೆ. ಎಷ್ಟು ಬೇಕೋ ಅಷ್ಟು ಹಾಕಿಕೋ” ಎಂದಳು.

ಕತೆ ಮುಗಿಯಿತು. ಶಿಷ್ಯೆಗೆ ನಗು ತಡೆಯಲಾಗಲಿಲ್ಲ. “ತಾನು ಹುಟ್ಟುವ ಮೊದಲೇ ಬರೆದ ಪುಸ್ತಕದ ಮೇಲೆ ಜಗಳಕ್ಕೆ ಹೋದಳಲ್ಲ! ಎಂಥ ಪೆದ್ದಿ, ಅಮ್ಮಾ, ಆ ಹೆಂಗಸು!”

ಸುಲೋಚನಮ್ಮನವರು ನಗಲಿಲ್ಲ. “ಅವರು ನನ್ನ ಅತ್ತೆ, ಕ್ಷಮೆ ಕೇಳು.”