ಕಿವಿಯೊಳಗಿನ ಸಭೆ

“ಅಪ್ಪಾವರೆ, ಕ್ಷಮಾ ಕೇಳಬೇಕಂದ್ರ ಎದುರಿಗೇ ಹೋಗಬೇಕೇನ್ರಿ? ಮನಸ್ಸಿನಾಗ ಕೇಳಿದ್ರ ಸಾಲೂದಿಲ್ಲೇನು?” ಎಂದು ಶಿಷ್ಯ ಚನ್ನವೀರ ಕೇಳಿದ.

ಮಠದ ಕಟ್ಟೆಯ ಮೇಲೆ ಕುಳಿತಿದ್ದ ಅಪ್ಪಾವರು ಅವನ ಮುಖ ನೋಡಿದರು. ತಾಯಿಯಿಲ್ಲದ ಚನ್ನವೀರನನ್ನು ಸಾಕಿದವಳು ಅಕ್ಕ. ಒಂದು ದಿನ ಅವಳಿಗೆ ಬಾಯಿಗೆ ಬಂದದ್ದನ್ನು ಅಂದು ಅವಳ ಮನೆಯಿಂದ ಎದ್ದು ಬಂದವನು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ಇದು ಅಪ್ಪಾವರಿಗೆ ಗೊತ್ತಿತ್ತು.

“ಧ್ಯಾನಕ್ಕ ಕುಂತಾಗ ಅಕ್ಕ ಕಾಣಸ್ತಾಳ್ರಿ. ನಗತಾಳ. ‘ಆತು ಬಿಡೋ’ ಅಂತಾಳ. ಆಕಿ ಎಲ್ಲಾ ಮರತಾಳ ಅಂತ ನನಗ ಅನಸ್ತದ,” ಎಂದ.

ಅಪ್ಪಾವರು ಒಂದು ಕತೆ ಹೇಳಿದರು.

ಒಬ್ಬ ಗಾಯಕನಿದ್ದ. ಅವನಿಗೆ ಸ್ವರ ಕಲಿಸಿದವರು ಒಬ್ಬ ಮುದಿ ಗವಾಯಿಗಳು. ಅವರು ಹೊಗಳುವವರಲ್ಲ. ಶಿಷ್ಯ ಚೆನ್ನಾಗಿ ಹಾಡಿದರೆ ಗಂಟಲಿನೊಳಗೇ ‘ಹ್ಞಾಂ’ ಎನ್ನುತ್ತಿದ್ದರು, ಅಷ್ಟೇ. ಆ ಒಂದು ಹ್ಞಾಂಗಾಗಿ ಗಾಯಕ ಚಿಕ್ಕವನಿದ್ದಾಗ ಊಟ ಬಿಟ್ಟು ಹಾಡಿದ್ದುಂಟು.

ಮುಂದೆ ಅವನಿಗೆ ಹೆಸರು ಬಂತು. ಹೆಸರಿನ ಬೆನ್ನಿಗೆ ಬರುವುದೆಲ್ಲ ಬಂತು. ಒಂದು ದಿನ ಗವಾಯಿಗಳು ಹತ್ತು ಜನರ ಎದುರಿಗೆ ಅವನು ಹಾಡಿದ ಒಂದು ತಾನವನ್ನು ತಿದ್ದಿದರು. ಅವನಿಗೆ ತಡೆಯಲಾಗಲಿಲ್ಲ. “ನಿಮ್ಮ ಕಾಲ ಮುಗೀತ್ರಿ. ಈಗ ಜನ ಬರೂದು ನನ್ನ ಹಾಡು ಕೇಳಾಕ,” ಎಂದುಬಿಟ್ಟ. ಗವಾಯಿಗಳು ತಂಬೂರಿಗೆ ಗವಸು ಹಾಕಿ ಎದ್ದು ಒಳಗೆ ಹೋದರು.

ಆಡಿದ ಮಾತು ಆಡಿದವನನ್ನೇ ಕುಟುಕತೊಡಗಿತು. ಹೋಗಿ ಕಾಲಿಗೆ ಬೀಳಬೇಕು ಎಂದು ಗಾಯಕ ದಿನವೂ ಅಂದುಕೊಳ್ಳುತ್ತಿದ್ದ. ಅಂದುಕೊಳ್ಳುವುದಕ್ಕೇನು, ಕೂತಲ್ಲಿಂದ ಏಳಬೇಕಾಗಿಲ್ಲವಲ್ಲ.

ಆ ಹೊತ್ತಿಗೆ ದೊಡ್ಡ ವೇದಿಕೆಗಳಲ್ಲಿ ಹಾಡುವವರು ಎರಡೂ ಕಿವಿಗೆ ಬಿರಡೆಯಂಥ ಇಯರ್‌ಫೋನು ಇಟ್ಟುಕೊಳ್ಳುವ ರೂಢಿ ಬಂದಿತ್ತು. ಅದು ಕಿವಿಯನ್ನು ಬಿಗಿಯಾಗಿ ಮುಚ್ಚುತ್ತದೆ. ಮೈಕಿನವನು ಏನು ಕಳಿಸುತ್ತಾನೋ ಹಾಡುವವನಿಗೆ ಅದಷ್ಟೇ ಕೇಳುತ್ತದೆ. ತನ್ನ ದನಿ, ಶ್ರುತಿ, ತಬಲಾ, ಮತ್ತೇನಿಲ್ಲ. ಗಾಯಕನೂ ಅದನ್ನು ಇಟ್ಟುಕೊಂಡ. ತನ್ನ ದನಿ ಅಷ್ಟು ಸ್ವಚ್ಛವಾಗಿ ಅವನಿಗೆ ಎಂದೂ ಕೇಳಿರಲಿಲ್ಲ. ಆದರೆ ಸಾವಿರ ಜನರ ಎದುರಿಗೆ ಕೂತಿದ್ದರೂ ಹಾಳುಬಾವಿಯೊಳಗೆ ಕೂತು ಹಾಡಿದ ಹಾಗಾಯಿತು. ಚಪ್ಪಾಳೆ ತಟ್ಟುವ ಕೈಗಳು ಕಾಣುತ್ತಿದ್ದವು, ಸದ್ದು ಮಾತ್ರ ಇರಲಿಲ್ಲ. ಅವನಿಗೆ ಹೆದರಿಕೆಯಾಯಿತು.

ಅವನ ಸಂಗಡ ಊರೂರು ತಿರುಗುತ್ತಿದ್ದ ಮೈಕಿನವನು ವೇದಿಕೆಯ ಅಂಚಿನಲ್ಲಿ ಜನರ ಕಡೆ ಮುಖ ಮಾಡಿ ಎರಡು ಮೈಕು ನಿಲ್ಲಿಸಿದ. ಸಭೆಯ ಸದ್ದನ್ನು ಒಂದಿಷ್ಟು ಗಾಯಕನ ಕಿವಿಗೂ ಬಿಟ್ಟ. ಈಗ ಗಾಯಕನದು ಬೇರೆ ತಕರಾರು. ಮಗು ಅಳುತ್ತದೆ, ಕುರ್ಚಿ ಎಳೆಯುತ್ತಾರೆ, ಯಾರದೋ ಫೋನು ಬಡಿದುಕೊಳ್ಳುತ್ತದೆ. ಪ್ರತಿ ಕಚೇರಿ ಮುಗಿದ ಮೇಲೂ ಮೈಕಿನವನಿಗೆ ಬೈಗುಳ ತಪ್ಪಲಿಲ್ಲ.

ಹೀಗಿರುವಾಗ ಒಂದು ಸಂಜೆ ಗವಾಯಿಗಳ ಊರಿಗೆ ಹತ್ತಿರದ ಪಟ್ಟಣದಲ್ಲಿ ಕಚೇರಿ ನಡೆಯಿತು. ಸಭೆ ಉಸಿರು ಬಿಗಿಹಿಡಿದು ಕೂತಿತ್ತು. ದೀಪಗಳು ಕಣ್ಣಿಗೆ ಹೊಡೆಯುತ್ತಿದ್ದುದರಿಂದ ಗಾಯಕನಿಗೆ ಯಾರ ಮುಖವೂ ಕಾಣಿಸುತ್ತಿರಲಿಲ್ಲ. ಆಲಾಪದ ನಡುವೆ ಅವನ ಕಿವಿಯೊಳಗೆ ‘ಹ್ಞಾಂ’ ಕೇಳಿಸಿತು. ಅದೇ ಗಂಟಲು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ ಕೇಳಿಸಿತು. ಅವನಿಗೆ ಕಣ್ಣು ತುಂಬಿ ಬಂತು. ಹಾಡು ಮುಗಿಸಿ ಇಳಿದು ಹುಡುಕಿದಾಗ, ಗವಾಯಿಗಳು ಬಂದಿದ್ದರು, ನಡುವೆಯೇ ಎದ್ದು ಹೋದರು ಎಂದು ಜನ ಹೇಳಿದರು. ಗಾಯಕ ಮೈಕಿನವನ ಹೆಗಲ ಮೇಲೆ ಕೈಯಿಟ್ಟು, “ಸಭಾ ಅಂದ್ರ ಇದು ನೋಡು. ದಿನಾ ನನ್ನ ಕಿವಿಗೆ ಇಂಥಾ ಸಭಾನ ಕೊಡು,” ಎಂದ.

ನಾಳೆಯೇ ಹೋಗಿ ಕಾಲು ಹಿಡಿಯುವುದೆಂದು ನಿಶ್ಚಯಿಸಿದ. ಆದರೆ ಮರುದಿನ ಬೇರೊಂದು ಊರಿನಲ್ಲಿ ಕಚೇರಿಯಿತ್ತು. ಅಲ್ಲಿಯೂ ಕಿವಿಯೊಳಗೆ ‘ಹ್ಞಾಂ’ ಕೇಳಿಸಿತು. ಅದರಾಚೆಯ ಊರಿನಲ್ಲಿಯೂ ಕೇಳಿಸಿತು.

ಗಾಯಕನ ಎದೆ ಹಗುರಾಯಿತು. ಗವಾಯಿಗಳು ಸಿಟ್ಟು ಬಿಟ್ಟಿದ್ದಾರೆ. ಊರೂರಿಗೆ ಬಂದು ಕತ್ತಲಲ್ಲಿ ಕೂತು ಕೇಳುತ್ತಿದ್ದಾರೆ. ಎದುರಿಗೆ ಬರಲು ಮಾತ್ರ ಬಿಗುಮಾನ. ಹಾಗಿರುವಾಗ ತಾನಾಗಿ ಹೋಗಿ ಹಳೆಯದನ್ನು ಕೆದಕುವುದೇಕೆ? ಹೀಗೆಂದುಕೊಂಡು ಹಾಡುತ್ತ ಹೋದ. ಅವರ ಮನೆಯ ದಾರಿ ಹಿಡಿಯಲೇ ಇಲ್ಲ.

ಆ ‘ಹ್ಞಾಂ’ ಒಮ್ಮೊಮ್ಮೆ ಬರಬಾರದ ಜಾಗದಲ್ಲಿ ಬರುತ್ತಿತ್ತು. ಒಂದು ಸಲ ಅವನ ದನಿ ಒಡೆದು ಸ್ವರ ಜಾರಿದಾಗಲೇ ಬಂತು. ಆ ಮುದುಕರು ಜಾರಿದ ಸ್ವರವನ್ನು ಸುಮ್ಮನೆ ಬಿಟ್ಟವರಲ್ಲ. ಆದರೂ ವಯಸ್ಸಾಯಿತು, ಮೆತ್ತಗಾಗಿದ್ದಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಬೇಕಾದದ್ದೇ ಕಿವಿಗೆ ಬೀಳುವಾಗ ಯಾರೂ ಬಹಳ ವಿಚಾರಿಸುವುದಿಲ್ಲ.

ಒಂದು ಮಧ್ಯಾಹ್ನ ಸುದ್ದಿ ಬಂತು. ಗವಾಯಿಗಳು ತೀರಿಕೊಂಡಿದ್ದರು. ದೂರದ ಮಗಳು ಬರಬೇಕಾದ್ದರಿಂದ ಮಣ್ಣು ಮಾಡುವುದು ಮರುದಿನವೆಂದರು. ಗಾಯಕ ಬಿಕ್ಕಿಬಿಕ್ಕಿ ಅತ್ತ. ಕಡೆಯವರೆಗೂ ನನ್ನ ಹಾಡು ಕೇಳಿಯೇ ಹೋದರಲ್ಲ ಎಂಬ ನೆಮ್ಮದಿಯೂ ಇತ್ತು. ಆ ಸಂಜೆಯ ಕಚೇರಿಯನ್ನು ಅವರ ಹೆಸರಿನಲ್ಲಿ ಹಾಡಿ ಹೊರಡುವೆನೆಂದು ವೇದಿಕೆ ಹತ್ತಿದ. ಕಿವಿಗೆ ಇಯರ್‌ಫೋನು ಇಟ್ಟುಕೊಂಡು ಕಣ್ಣು ಮುಚ್ಚಿದ. ಆಲಾಪ ಎತ್ತಿಕೊಂಡ.

‘ಹ್ಞಾಂ’ ಎಂದಿತು ಕಿವಿಯೊಳಗೆ.

ಹಾಡು ನಿಂತುಹೋಯಿತು. ಅವನು ಇಯರ್‌ಫೋನನ್ನು ಕಿತ್ತ. ಎದುರಿಗೆ ಗುಸುಗುಸು, ಕೆಮ್ಮು, ಎಲ್ಲೋ ಒಂದು ಮಗುವಿನ ಅಳು. ಮತ್ತೆ ಕಿವಿಗೆ ಇಟ್ಟ. ಗುಸುಗುಸು ಇಲ್ಲ, ಮಗುವಿಲ್ಲ. ಬೇರೊಂದು ಸಭೆ ಉಸಿರು ಬಿಗಿಹಿಡಿದು ಕೂತಿತ್ತು. ಅವನು ಹಾಡುತ್ತಿರಲಿಲ್ಲ, ಬಾಯಿ ತೆರೆದು ಸುಮ್ಮನೆ ಕೂತಿದ್ದ. ಸ್ವಲ್ಪ ಹೊತ್ತಿಗೆ ಆ ಸಭೆಯೊಳಗಿಂದ ಗವಾಯಿಗಳು ಮತ್ತೆ ‘ಹ್ಞಾಂ’ ಎಂದರು.

ಗಾಯಕ ವೇದಿಕೆಯಿಂದ ಇಳಿದು ಮೈಕಿನವನ ಬಳಿ ಓಡಿದ. “ಯಾರ ದನೀನೋ ಅದು? ಎಲ್ಲಿಂದ ಬರ್ತದ?” ಎಂದು ಕೇಳಿದ.

ಮೈಕಿನವನಿಗೆ ಗಾಬರಿಯಾಯಿತು. “ಯಾರದೋ ನನಗೇನ್ ಗೊತ್ರಿ? ದಿನಾ ಇಂಥಾ ಸಭಾ ಕೊಡು ಅಂತ ನೀವ ಹೇಳಿದ್ರಲ್ಲ. ನಿಮ್ಮ ಹಾಡು ಬಿಟ್ಟು ಆ ಸಂಜೀ ಸಭಾದ ಸಪ್ಪಳಷ್ಟ ಬ್ಯಾರೆ ರೆಕಾರ್ಡ್ ಆಗಿತ್ತು. ಅವತ್ತಿನಿಂದ ದಿನಾ ಅದನ್ನ ನಿಮ್ಮ ಕಿವಿಗೆ ಹಚ್ಚಿ ಬಿಡ್ತೀನ್ರಿ. ಹಾಡು ಮುಗಿದಾಗಷ್ಟ ಖರೇ ಚಪ್ಪಾಳಿ ಬಿಡ್ತೀನಿ. ನೀವು ಬೈಯೂದು ನಿಂತಿತ್ತು, ನಾನೂ ಸುಮ್ಮನಾದೆ,” ಎಂದ.

ಮರುದಿನ ಗಾಯಕ ಗವಾಯಿಗಳ ಮನೆಗೆ ಹೋದ. ಅವರ ದೇಹವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ವಿಭೂತಿ ಹಚ್ಚಿದ್ದರು. ಅವನು ಆ ಕಾಲು ಹಿಡಿದುಕೊಂಡು ತಪ್ಪಾಯಿತು, ತಪ್ಪಾಯಿತು ಎಂದ. ಕೇಳುವ ಕಿವಿ ಅಲ್ಲಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿಯ ದನಿಯಲ್ಲಿ ಸಿಟ್ಟಿರಲಿಲ್ಲ.

“ಅವತ್ತು ನಿನ್ನ ಹಾಡು ಕೇಳಿ ಬಂದವರೇ ಹಾಸಿಗಿ ಹಿಡದ್ರಪ್ಪಾ. ಮತ್ತ ಹೊಸ್ತಿಲಾ ದಾಟಲಿಲ್ಲ. ‘ನಾಳೆ ಬರ್ತಾನ’ ಅಂದ್ರು. ಬಾಗಿಲಾ ಸಪ್ಪಳಾದಾಗೊಮ್ಮೆ ‘ಬಂದನೇನು ನೋಡು’ ಅಂತಿದ್ರು.”

ಅಪ್ಪಾವರು ಕತೆ ನಿಲ್ಲಿಸಿದರು. ಚನ್ನವೀರ ನೆಲ ನೋಡುತ್ತ, “ಆ ಮೈಕಿನವಂದು ತಪ್ಪು ನೋಡ್ರಿ,” ಎಂದ.

“ಅದಿರಲಿ,” ಎಂದರು ಅಪ್ಪಾವರು. “ನಿಮ್ಮಕ್ಕ ಇನ್ನೂ ಅದಾಳೇನೋ, ಚನ್ನವೀರ?”