ನಲವತ್ತೊಂದು ಕೆಂಪು ಸಾಲುಗಳು

ಹೊಳೆಯ ದಂಡೆಯ ಆಶ್ರಮದಲ್ಲಿ ರೇವಣಯ್ಯನವರು ಕಂಪ್ಯೂಟರಿನ ವಿದ್ಯೆ ಕಲಿಸುತ್ತಿದ್ದರು. ಸುತ್ತಲಿನ ಹನ್ನೊಂದು ಊರಿನವರು ಕಲಿಯಲು ಬರುತ್ತಿದ್ದರು. ಶಿಷ್ಯರಲ್ಲಿ ಕಸ್ತೂರಿ ಎಲ್ಲರಿಗಿಂತ ಹಳಬಳು.

ಹನ್ನೊಂದು ಊರಿನವರೂ ಸೇರಿ ಒಂದು ಪ್ರೋಗ್ರಾಂ ಬರೆದಿದ್ದರು. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ, ಹೊಳೆಯ ಪಾತ್ರದಲ್ಲಿರುವವರಿಗೆಲ್ಲ ಅದು ತಾನೇ ಫೋನ್ ಮಾಡುತ್ತಿತ್ತು. ಅದು ಯಾರೊಬ್ಬರದೂ ಆಗಿರಲಿಲ್ಲ. ಯಾರು ಬೇಕಾದರೂ ತಿದ್ದಬಹುದಿತ್ತು.

ಅದಕ್ಕೇ, ಅದು ಸರಿಯಿದೆಯೇ ಎಂದು ನೋಡುವ ಪರೀಕ್ಷೆಗಳೆಂಬ ಚಿಕ್ಕ ಪ್ರೋಗ್ರಾಂಗಳಿದ್ದವು. ಯಾರಾದರೂ ಒಂದು ಸಾಲು ತಿದ್ದಿದರೆ ಸಾಕು, ಪರೀಕ್ಷೆಗಳೆಲ್ಲ ತಾವಾಗಿಯೇ ಓಡುತ್ತಿದ್ದವು. ಸರಿಯಿದ್ದರೆ ಹಸಿರು. ತಪ್ಪಿದ್ದಲ್ಲಿ ಒಂದು ಕೆಂಪು ಸಾಲು. ಕೆಂಪು ಬಂದರೂ ತೊಂದರೆಯಿಲ್ಲ ಎನಿಸಿದರೆ, ತಿದ್ದಿದವರು ‘ಮುಂದುವರಿ’ ಎಂಬ ಗುಂಡಿ ಒತ್ತಬಹುದಿತ್ತು.

ಪರೀಕ್ಷೆ ಬರೆಯುವ ಕೆಲಸ ಕಸ್ತೂರಿಯದು. ಎರಡು ವರ್ಷದಲ್ಲಿ ಅವಳು ಮುನ್ನೂರು ಬರೆದಳು. ಪ್ರೋಗ್ರಾಮಿನ ಒಳಗೆ ಯಾವುದರ ಹಿಂದೆ ಯಾವುದು ನಡೆಯುತ್ತದೆ, ಯಾವ ಪದಗಳ ನಡುವೆ ಎಷ್ಟು ಜಾಗ ಬಿಟ್ಟಿದೆ, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಅವುಗಳಲ್ಲಿ ಕಟ್ಟಿಹಾಕಿದಳು. ಒಂದು ಅಕ್ಷರ ಸರಿದರೂ ಕೆಂಪಾಗುತ್ತಿತ್ತು.

ಕೆಳಗಿನ ಊರಿನ ದಸ್ತಗೀರ ಒಮ್ಮೆ ‘ನೀರು ಬರುತ್ತಿದೆ’ ಎಂಬ ಸಂದೇಶವನ್ನು ‘ಹೊಳಿ ಬರ್ಲಿಕತ್ತದ’ ಎಂದು ಬದಲಿಸಿದ. ಅವನ ಊರಿನ ಮುದುಕರಿಗೆ ಹಾಗೆ ಹೇಳಿದರೆ ಬೇಗ ತಿಳಿಯುತ್ತಿತ್ತು. ಇಪ್ಪತ್ತಾರು ಕೆಂಪು ಸಾಲು ಬಂದವು.

ಅವನು ನಕ್ಕ. “ಕಸ್ತೂರಕ್ಕ, ನಿನ್ನ ಪರೀಕ್ಷಿ ನಮ್ಮತ್ತಿ ಇದ್ದಂಗ. ಹಾಲು ಉಕ್ಕಿದ್ರೂ ಅಷ್ಟ ಚೀರತಾಳ, ಮನಿಗೆ ಬೆಂಕಿ ಬಿದ್ರೂ ಅಷ್ಟ ಚೀರತಾಳ. ನಾ ಎದ್ದು ಹೋಗೋದು ಬಿಟ್ಟೀನಿ.”

ಉಳಿದವರೂ ನಕ್ಕರು. ಕಸ್ತೂರಿ ನಗಲಿಲ್ಲ. ಕೆಂಪು ಬೇಡವೆನ್ನುವವರು ನೆಟ್ಟಗೆ ಬರೆಯುವುದನ್ನು ಕಲಿಯಲಿ ಎಂದಳು.

ಯಾರೂ ಕಲಿಯಲಿಲ್ಲ. ಗುಂಡಿ ಒತ್ತುವುದನ್ನು ಕಲಿತರು.

ಮಾಘದಲ್ಲಿ ಹೊಳೆ ಬತ್ತಿತು. ಕಲ್ಲಂಗಡಿ ಬೆಳೆಯುವವರು ಪಾತ್ರಕ್ಕಿಳಿದು ಉಸುಕಿನ ಮೇಲೆ ಜೋಪಡಿ ಹಾಕಿದರು. ಆ ದಿನಗಳಲ್ಲಿ ದಸ್ತಗೀರ ಫೋನ್ ಪಟ್ಟಿಯನ್ನು ಊರಿನ ಪ್ರಕಾರ ಹೊಸದಾಗಿ ಜೋಡಿಸಿದ. ಉಸುಕಿನ ಮೇಲಿದ್ದವರು ಯಾವ ಊರಿನ ಲೆಕ್ಕಕ್ಕೂ ಸೇರಿರಲಿಲ್ಲ. ಅವರ ಹದಿನೇಳು ಹೆಸರು ಪಟ್ಟಿಯಿಂದ ಬಿದ್ದುಹೋದವು.

ನಲವತ್ತೊಂದು ಕೆಂಪು ಸಾಲು ಬಂದವು. ಅವನು ಗುಂಡಿ ಒತ್ತಿದ.

ನಾಲ್ಕನೆಯ ದಿನ ಅಣೆಕಟ್ಟಿನಿಂದ ನೀರು ಬಿಟ್ಟರು. ಆಕಾಶದಲ್ಲಿ ಮೋಡವಿರಲಿಲ್ಲ. ಉಸುಕಿನ ಮೇಲೆ ಯಾರ ಫೋನೂ ರಿಂಗಾಗಲಿಲ್ಲ. ಹದಿನಾರು ಮಂದಿ ನೀರನ್ನು ಕಣ್ಣಿಂದ ಕಂಡು ಓಡಿ ದಂಡೆ ಹತ್ತಿದರು. ಬೀಬೀಜಾನ್ ಹತ್ತಲಿಲ್ಲ. ಅವಳು ದಸ್ತಗೀರನ ಅಕ್ಕ.

ಮೂರು ದಿನ ಕಳೆದ ಮೇಲೆ, ಬೆಳಿಗ್ಗೆ, ಕಸ್ತೂರಿ ಗುರುಗಳ ಮುಂದೆ ಬಂದು ಕುಳಿತಳು. ಅವಳು ಸರಿಯಾಗಿ ಉಂಡಿರಲಿಲ್ಲ. ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

“ನನ್ನ ಪರೀಕ್ಷಿ ಹೇಳಿತ್ತು, ಅಯ್ಯಾರ. ಅಂವ ಓದಲಿಲ್ಲ.”

ಆಮೇಲೆ ಕೇಳಿಕೊಂಡಳು.

“ನಿನ್ನ ತಪ್ಪಿಲ್ಲ ಅಂತ ನೀವೊಂದು ಮಾತು ಹೇಳ್ರಿ. ನಂಗ ಅಷ್ಟ ಸಾಕು.”

ಅಯ್ಯನವರು ಒಳಗೆ ಹೋಗಿ, ಆ ದಿನದ ನಲವತ್ತೊಂದು ಸಾಲುಗಳನ್ನು ಕಾಗದದ ಮೇಲೆ ತೆಗೆದು ತಂದು ಅವಳ ಮುಂದಿಟ್ಟರು.

“ಹೇಳಿದ್ದು ಯಾವುದು?”

ಅವಳು ಕೂಡಲೇ ಒಂದರ ಮೇಲೆ ಬೆರಳಿಟ್ಟಳು. ಮತ್ತೆ ಓದಿದಳು. ಅದಲ್ಲ, ಅದು ಹೆಸರುಗಳ ನಡುವೆ ಬಿಟ್ಟ ಜಾಗದ ಬಗ್ಗೆ ಇತ್ತು. ಬೆರಳನ್ನು ಕೆಳಗಿಳಿಸಿದಳು. ಅದೂ ಅಲ್ಲ. ಪಟ್ಟಿಯನ್ನು ಕುರಿತ ಸಾಲುಗಳೇ ಒಂಬತ್ತಿದ್ದವು. ಕಂಪ್ಯೂಟರ್ ತೆರೆದು, ಪ್ರತಿಯೊಂದನ್ನೂ ತಾನು ಏಕೆ ಬರೆದೆ ಎಂದು ಹುಡುಕತೊಡಗಿದಳು. ಕೆಲವನ್ನು ಏಕೆ ಬರೆದಳೆಂದು ಅವಳಿಗೇ ತಿಳಿಯಲಿಲ್ಲ.

ಅಯ್ಯನವರು ಗಂಜಿ ತಂದಿಟ್ಟರು. ಅದು ಆರಿತು.

ಊಟದ ಹೊತ್ತಿಗೆ ಸಿಕ್ಕಿತು. ಇಪ್ಪತ್ತೊಂಬತ್ತನೆಯದು. ‘ಪಟ್ಟಿ ಒಂಬತ್ತು: ೨೧೪ ಬರಬೇಕಿತ್ತು, ೧೯೭ ಬಂದಿದೆ.’

ಅಯ್ಯನವರು ಅದನ್ನು ಗಟ್ಟಿಯಾಗಿ ಓದಿದರು. ಮತ್ತೊಮ್ಮೆ ಓದಿದರು.

“ಬರೆದಾಕಿ ನೀನು,” ಎಂದರು. “ಏನು ಕೆಟ್ಟದ ಅನ್ನೋದೂ ನಿನಗ ಮೊದಲ ಗೊತ್ತಿತ್ತು. ಆದರೂ ಮಧ್ಯಾಹ್ನ ಆತು.”

ಕಸ್ತೂರಿ ಕಾಗದವನ್ನು ಆಚೆ ಸರಿಸಿದಳು. ಆಮೇಲೆ, ಮುನ್ನೂರನ್ನೂ ಅಳಿಸಿಹಾಕುತ್ತೇನೆ, ಇನ್ನು ಈ ಕೆಲಸ ಮುಟ್ಟುವುದಿಲ್ಲ ಎಂದಳು.

ಅಯ್ಯನವರು ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದರು.

“ನೀರು ಬಿಟ್ಟರ ಏನಾಗಬೇಕು?” ಎಂದು ಕೇಳಿದರು.

“ಉಸುಕಿನ ಮ್ಯಾಲ ಇದ್ದೋರಿಗೆ ಫೋನ್ ಹೋಗಬೇಕು.”

“ಯಾರಿಗೆ?”

“ಎಲ್ಲಾರಿಗೂ.”

“ಅಷ್ಟ ಬರಿ.”

ಅವಳು ಬರೆದಳು. ಅದರಲ್ಲಿ ಪ್ರೋಗ್ರಾಮಿನ ಒಳಗಿನ ಯಾವ ಸಂಗತಿಯೂ ಇರಲಿಲ್ಲ. ಒಳಗೆ ಯಾರು ಹೇಗೆ ತಿದ್ದಿದರೂ ಅದು ಕೇಳುತ್ತಿದ್ದುದು ಒಂದೇ: ಕರೆ ಹೋಯಿತೇ, ಯಾರಿಗೆ ಹೋಗಲಿಲ್ಲ. ಪಟ್ಟಿಯನ್ನು ಆಗಲೇ ಸರಿಪಡಿಸಿದ್ದರು. ಪರೀಕ್ಷೆ ಹಸಿರಾಯಿತು.

“ಹಸಿರು ನೋಡಿ ನನಗೇನೂ ತಿಳಿಯೋದಿಲ್ಲ,” ಎಂದರು ಅಯ್ಯನವರು. “ಕೆಂಪಾಗೋದನ್ನ ತೋರಿಸು.”

ಅವಳು ದಸ್ತಗೀರ ಆ ದಿನ ಜೋಡಿಸಿದ್ದ ಪಟ್ಟಿಯನ್ನು ಮತ್ತೆ ತಂದು ಕೂಡಿಸಿದಳು. ಆ ಹೊಸ ಪರೀಕ್ಷೆಯೊಂದನ್ನೇ ಓಡಿಸಿದಳು. ಒಂದೇ ಕೆಂಪು ಸಾಲು ಬಂತು: ‘ಉಸುಕಿನ ಮೇಲಿರುವ ಹದಿನೇಳು ಮಂದಿಗೆ ಕರೆ ಹೋಗಿಲ್ಲ.’ ಅದರ ಕೆಳಗೆ ಹದಿನೇಳು ಹೆಸರು.

ನಾಲ್ಕನೆಯ ಹೆಸರಿನಲ್ಲಿ ಅವಳ ಕಣ್ಣು ನಿಂತಿತು.

“ಇದು ನೆಟ್ಟಗದನೋ ಇಲ್ಲೋ, ಯಾರು ಹೇಳಬೇಕು?” ಎಂದು ಕೇಳಿದಳು.

“ಗುಂಡಿ ಒತ್ತೋರು.”

ಅವಳು ಅದನ್ನು ಕಾಗದದ ಮೇಲೆ ತೆಗೆದುಕೊಂಡು ಕೆಳಗಿನ ಊರಿಗೆ ನಡೆದಳು. ದಸ್ತಗೀರನ ಮನೆಯ ಕಟ್ಟೆಯ ಮೇಲೆ ದುಃಖದಲ್ಲಿ ಮಾತನಾಡಿಸಲು ಬಂದವರು ಕುಳಿತಿದ್ದರು. ಅವಳನ್ನು ಕಂಡು ಮಾತು ನಿಲ್ಲಿಸಿದರು. ಯಾರೋ ಸರಿದು ಜಾಗ ಕೊಟ್ಟರು. ಅವಳು ಕುಳಿತುಕೊಳ್ಳಲಿಲ್ಲ.

ದಸ್ತಗೀರ ಕಾಗದ ತೆಗೆದುಕೊಂಡ. ಒಂದೇ ಸಲ ಓದಿದ. ಹೆಸರುಗಳನ್ನೂ ಓದಿದ.

“ಇದು ತಿಳೀತದ,” ಎಂದ.

ಅವಳು ತಲೆಯಾಡಿಸಿದಳು.

“ಇದನ್ನ ಬರೀಲಿಕ್ಕೆ ಎಷ್ಟೊತ್ತು ಹಿಡೀತು, ಅಕ್ಕ?”

“ಅರ್ಧ ತಾಸು.”

ಅವನು ಕಾಗದವನ್ನು ಮಡಚಿ ಅವಳ ಕೈಗೆ ಕೊಟ್ಟು ಒಳಗೆ ಹೋದ.

ಸಂಜೆ ಅವಳು ಆಶ್ರಮಕ್ಕೆ ಮರಳಿದಾಗ ಅಯ್ಯನವರು ಹೊಳೆಯ ಕಡೆ ಮುಖ ಮಾಡಿ ಮೆಟ್ಟಿಲ ಮೇಲೆ ಕುಳಿತಿದ್ದರು. ನೀರು ಇಳಿದು, ಉಸುಕು ಮತ್ತೆ ಕಾಣುತ್ತಿತ್ತು. ಅವಳು ನಡೆದದ್ದನ್ನೆಲ್ಲ ಹೇಳಿದಳು.

“ಸುಳ್ಳು ಹೇಳಬೇಕಿತ್ತೇನ್ರಿ, ಅಯ್ಯಾರ?”

“ಇಲ್ಲ.”

“ಅರ್ಧ ತಾಸಿನ ಕೆಲಸ. ಎರಡು ವರ್ಷ ನನಗ್ಯಾಕ ಹೊಳೀಲಿಲ್ಲ?”

ಅಯ್ಯನವರು ಅವಳ ಕಡೆ ತಿರುಗಲಿಲ್ಲ.

“ಮುನ್ನೂರೂ ನನಗ ತಂದು ತೋರಿಸಿದ್ದಿ, ಕಸ್ತೂರಿ. ಎಣಿಸಿದೆ. ಭೇಷ್ ಅಂದೆ. ಒಂದನ್ನೂ ಓದಲಿಲ್ಲ.”